ಟೋಪಿ ತೆಗೆಯದವನು

ಗಾಜಿನ ಮೇಲೆ ಇದ್ದದ್ದು ಬೆರಳಿನ ಗುರುತಲ್ಲ. ಬೆರಳಿನ ಗುರುತುಗಳಿಗೇನು ಕಮ್ಮಿ, ನಿನ್ನೆ ಇಡೀ ದಿನ ಮುದುಕ ಮುದುಕಿಯರು ಬಂದು ಚುಚ್ಚಿ, ಒತ್ತಿ, ಉಜ್ಜಿ ಹೋಗಿದ್ದರು, ಒಬ್ಬ ಪುಣ್ಯಾತ್ಮನಂತೂ ಬಾಗಿಲು ಬಡಿಯುವ ಹಾಗೆ ಗೆಣ್ಣಿನಿಂದ ಬಡಿದು, "ಯಾರಾದ್ರೂ ಇದೀರೇನ್ರೋ ಒಳಗೆ?" ಎಂದು ಎಲ್ಲರನ್ನೂ ನಗಿಸಿದ್ದ. ಆದರೆ ಇದು ಬೇರೆ. ಪರದೆಯ ನಡುವಿಗಿಂತ ತುಸು ಕೆಳಗೆ, ಒಂದರ ಮೇಲೊಂದು ಕೂತ ಮಂಕಾದ ಜಿಡ್ಡು, ಎಲ್ಲವೂ ಒಂದೇ ಜಾಗದಲ್ಲಿ. ಜೋರ್ನಿತ್ಸಾ ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು, ತಲೆ ವಾರೆ ಮಾಡಿ, ಕಿಟಕಿಯ ಬೆಳಕಿಗೆ ಅದನ್ನು ನೋಡಿದಳು. ಯಾರಾದರೂ ಬೆಣ್ಣೆ ಜಿನುಗುವ ಬನಿತ್ಸಾ ರೊಟ್ಟಿ ತಿಂದ ಕೈಯನ್ನು ಒರೆಸಿಕೊಂಡರೋ? ಅಂಗೈ ಊರಿದರೋ? ಅಂಗೈ ಇಷ್ಟು ಚಿಕ್ಕದಿರುವುದಿಲ್ಲ. ಯಂತ್ರ ತನ್ನನ್ನು ಮುಟ್ಟಿದವರ ನೆನಪಿಟ್ಟುಕೊಂಡಿರುತ್ತದೆ, ಅದನ್ನೇ ಕೇಳಿ ನೋಡಿದಳು: ಚರ್ಚಿನ ಚಿತ್ರ ತೆರೆದಾಗಲೆಲ್ಲ ಯಾರೋ ಆ ಜಾಗವನ್ನು ಅಗಲವಾಗಿ, ಮೆತ್ತಗೆ ಮುಟ್ಟಿದ್ದಾರೆ, ಮುಟ್ಟಿದ ಕೂಡಲೇ ಬಿಟ್ಟು ಹೊರಟೇ ಹೋಗಿದ್ದಾರೆ. ಮುಂದಿನ ಚಿತ್ರವನ್ನು ನೋಡಿದವರೇ ಇಲ್ಲ. ಹಾಗೆ ನಡುವೆ ಎದ್ದುಹೋಗುವಂಥದ್ದು ಅಲ್ಲಿ ಏನಿದೆ? ಈ ಪರದೆಗಾಗಿ ಅವಳು ಒಂದು ವರ್ಷ ತಲೆ ಕೆಡಿಸಿಕೊಂಡಿದ್ದಳು. ಅಣೆಕಟ್ಟಿನ ನೀರಿನಡಿ ಹೋದ ವ್ರಬ್ನೋ ಎಂಬ ಊರನ್ನು ಈ ಸಣ್ಣ ಪಟ್ಟಣದ ಮ್ಯೂಸಿಯಮ್ಮಿನಲ್ಲಿ, ಒಂದು ಕಾಲಕ್ಕೆ ತಂಬಾಕಿನ ಗೋದಾಮಾಗಿದ್ದ ಈ ಹಜಾರದ ಮೂಲೆಯಲ್ಲಿ, ಮತ್ತೆ ಎಬ್ಬಿಸಿ ನಿಲ್ಲಿಸಿದ್ದಳು: ನಕ್ಷೆಯ ಮೇಲೆ ಯಾವ ಮನೆಯನ್ನು ಮುಟ್ಟಿದರೂ ಆ ಮನೆ ತೆರೆಯಬೇಕು, ಅಲ್ಲಿದ್ದವರ ಮುಖ ಕಾಣಬೇಕು, ಯಾರಾದರೂ ಬದುಕಿದ್ದರೆ ಅವರ ದನಿ ಕೇಳಬೇಕು. ಉದ್ಘಾಟನೆ ಭಾನುವಾರ. ಅದಕ್ಕೆ ಮುಂಚೆ ಆ ಊರಿನವರೇ ಬಂದು ಮುಟ್ಟಿ ನೋಡಲಿ ಎಂದು ಎರಡು ದಿನ ಬಿಟ್ಟಿದ್ದರು.

ಫೋನು ಗುರುಗುಟ್ಟಿತು. ಅಪ್ಪ. ಬೇಡವೆನ್ನಿಸಿದರೂ ಎತ್ತಿದಳು.

"ಮಧ್ಯಾಹ್ನದ ಬಸ್ಸಿಗೆ ಬರ್ತಿದೀನಿ," ಅಂದ ಸ್ತ್ರಾಹಿಲ್, ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ.

"ಇವತ್ತೇ ಯಾಕಪ್ಪ? ಭಾನುವಾರ ನಾನೇ ಕರ್ಕೊಂಡು ಬರ್ತೀನಿ ಅಂದಿದ್ನಲ್ಲ."

"ಭಾನುವಾರ ಮೇಯರ್ ಭಾಷಣ ಇರತ್ತೆ. ನನಗೆ ನಕ್ಷೆ ನೋಡ್ಬೇಕು. ಅಳೆದೋನು ನಾನು, ನೀನು ಎಲ್ಲಿ ಎಡವಟ್ಟು ಮಾಡಿದೀಯೋ ನೋಡೋದು ಬೇಡ್ವಾ?" ಆಮೇಲೆ ದನಿ ತಗ್ಗಿಸಿ, ದಿನಾ ಊಟದ ಹೊತ್ತಿಗೆ ಕೇಳುತ್ತಿದ್ದುದನ್ನೇ ಮತ್ತೆ ಕೇಳಿದ. "ಆ ಫೋಟೋದಲ್ಲಿ ನಾನಿದೀನಿ ತಾನೆ?"

"ಇದೀಯಪ್ಪ," ಅಂದಳು. ದಿನಾ ಅನ್ನುತ್ತಿದ್ದುದು ಅದನ್ನೇ. ಸುಳ್ಳು ರೂಢಿಯಾದರೆ ನಾಲಿಗೆಗೆ ಎಷ್ಟು ಸಲೀಸು.

ಅವನು ಇರಲಿಲ್ಲ. ತಾನೇ ತೆಗೆದಿದ್ದಳು. ಆ ಚಿತ್ರದಲ್ಲಿ ವ್ರಬ್ನೋದವರು ಚರ್ಚಿನಿಂದ ದೇವಮಾತೆಯ ಪಟವನ್ನು ಹೊರಗೆ ತರುತ್ತಿದ್ದಾರೆ, ಮರುದಿನ ಗೋಡೆಗಳನ್ನು ಉರುಳಿಸುವುದೆಂದು ನಿಶ್ಚಯವಾಗಿದೆ. ಗಂಡಸರೆಲ್ಲ ಬರಿದಲೆಯಲ್ಲಿದ್ದಾರೆ, ಟೋಪಿಗಳನ್ನು ಎದೆಗೆ ಒತ್ತಿಕೊಂಡಿದ್ದಾರೆ, ಹೆಂಗಸರು ಸೆರಗಿನ ಹಾಗೆ ಕಟ್ಟಿದ ತಲೆವಸ್ತ್ರದ ತುದಿಯನ್ನು ಬಾಯಿಗೆ ಹಿಡಿದಿದ್ದಾರೆ. ಬಲಗಡೆ ಅಂಚಿನಲ್ಲಿ, ಎಲ್ಲರಿಂದ ಎರಡು ಮಾರು ದೂರ, ಅಳತೆಕೋಲು ಹಿಡಿದು ಒಬ್ಬ ತೆಳ್ಳನೆಯ ಯುವಕ. ಸರಕಾರದ ಸರ್ವೆ ಇಂಜಿನಿಯರು. ಅವನೊಬ್ಬನ ತಲೆಯ ಮೇಲೆ ಟೋಪಿ ಹಾಗೇ ಇದೆ. ದೇವಮಾತೆ ಎದುರಿಗೆ ಬಂದರೂ ಕೈ ಮೇಲೆ ಹೋಗಿಲ್ಲ. ಜೋರ್ನಿತ್ಸಾ ಪರದೆಗಾಗಿ ಊರವರ ಮಾತುಗಳನ್ನು ಮುದ್ರಿಸಿಕೊಳ್ಳುತ್ತ ಹೋದಾಗ ಮನೆ ಮನೆಯಲ್ಲೂ ಅವನು ಬಂದಿದ್ದ: ಟೋಪಿಯವನು ಬಂದ, ಟೋಪಿಯವನು ನಮ್ಮ ಗೇಟಿಗೆ ಕೆಂಪು ಬಣ್ಣದಲ್ಲಿ ನಂಬರು ಬಳಿದ, ಟೋಪಿಯವನಿಗೆ ನಮ್ಮಮ್ಮ ಮಜ್ಜಿಗೆ ಕೊಟ್ಟರೆ ಕುಡಿದು ಮತ್ತೆ ಅಳೆಯೋದಕ್ಕೆ ಹೋದ. ಯಾರಿಗೂ ಅವನ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದರೂ ಅವಳ ಹೆಸರಿನ ಜೊತೆ ಈಗ ಇರುವುದು ಗಂಡನ ಮನೆತನದ ಹೆಸರು, ಯಾರಿಗೂ ಅನುಮಾನ ಬರಲಿಲ್ಲ. ಹೂಂ, ಹೂಂ ಎಂದು ಕೇಳಿಸಿಕೊಂಡಿದ್ದಳು. ಒಂದು ಮಧ್ಯಾಹ್ನ ಮನೆಯಲ್ಲಿ ಕೂತು ಚಿತ್ರದ ಅಂಚನ್ನು ಒಂದಿಷ್ಟು ಒಳಕ್ಕೆ ಎಳೆದಳು, ಅಷ್ಟೆ. ಅಳತೆಕೋಲಿನ ತುದಿ ಇನ್ನೂ ಕಾಣುತ್ತಿತ್ತು, ಇನ್ನಷ್ಟು ಎಳೆದಳು. ಪಕ್ಕದ ಅಡುಗೆಮನೆಯಲ್ಲಿ ಅಪ್ಪ ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತ, ವ್ರಬ್ನೋದ ನೀರಿನ ಕಾಲುವೆ ಯಾವ ಮನೆಯ ಹಿಂದೆ ತಿರುಗುತ್ತಿತ್ತೆಂದು ಅವಳಿಗೆ ಕೂಗಿ ಹೇಳುತ್ತಿದ್ದ. ನಕ್ಷೆಯ ಒಂದೊಂದು ಗೋಡೆಯೂ ಅವನ ಅಳತೆಯದು.

ಬೆಳಗಿನ ಮೊದಲ ಅತಿಥಿ ಕೆರಾ ಅಜ್ಜಿ. ನಿನ್ನೆಯೂ ಬಂದವಳೇ. ಕಪ್ಪು ತಲೆವಸ್ತ್ರ, ಗಡಿಗೆಯಂಥ ಗುಂಡು ಮೈ, ಕೈಚೀಲದಲ್ಲಿ ಮ್ಯೂಸಿಯಮ್ಮಿನ ಯಜಮಾನಿ ಬಿಸೆರಾಳಿಗೆಂದು ತಂದ ಉಪ್ಪಿನಕಾಯಿ ಸೀಸೆ. "ಬಾಮ್ಮ ಬಾ," ಎಂದು ಬಿಸೆರಾ ಸೀಸೆಯನ್ನು ಈಸಿಕೊಂಡು, "ನಿನ್ನೆ ನೋಡಿದ್ದು ಸಾಲ್ಲಿಲ್ವಾ?" ಎಂದು ಕಿಚಾಯಿಸಿದಳು. ಅಜ್ಜಿ ಪರದೆಯ ಮುಂದೆ ಹೋಗಿ, ತಪ್ಪು ಮಾಡಿದ ಮಗು ಮೇಷ್ಟ್ರ ಮನೆ ಬಾಗಿಲಲ್ಲಿ ನಿಂತ ಹಾಗೆ ನಿಂತಳು. ಜೋರ್ನಿತ್ಸಾ ಕಂಬದ ಮರೆಗೆ ಸರಿದಳು. ಜನ ತಾವೊಬ್ಬರೇ ಇದ್ದೇವೆಂದುಕೊಂಡಾಗ ಹೇಗೆ ಮುಟ್ಟುತ್ತಾರೆ ಎಂದು ನೋಡುವುದು ಅವಳ ಕೆಲಸ, ಹಾಗೆಂದು ತನಗೆ ತಾನು ಹೇಳಿಕೊಂಡಳು. ನಿಜಕ್ಕೂ ಅವಳಿಗೆ ಆ ಜಿಡ್ಡಿನ ಗುಟ್ಟು ಬೇಕಾಗಿತ್ತು. ಅಜ್ಜಿ ನಕ್ಷೆಯ ಮೇಲೆ ತನ್ನ ಮನೆಯನ್ನು ಮುಟ್ಟಲಿಲ್ಲ. ನೇರ ಚರ್ಚನ್ನು ಮುಟ್ಟಿದಳು. ಚಿತ್ರ ತೆರೆಯಿತು, ದೇವಮಾತೆಯ ಪಟ ಪರದೆಯ ನಡುವಿಗೆ ಬಂತು. ಅಜ್ಜಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಶಿಲುಬೆಯ ಗುರುತು ಹಾಕಿಕೊಂಡಳು, ತುದಿಗಾಲಿನ ಮೇಲೆ ಎದ್ದು ಪಟಕ್ಕೆ ಮುತ್ತಿಟ್ಟಳು. ಜನರನ್ನು ಬಿಟ್ಟು ಬೇರೆಲ್ಲಿ ಮುಟ್ಟಿದರೂ ಮುಂದಿನ ಚಿತ್ರಕ್ಕೆ ಹೋಗು ಎಂದು ಜೋರ್ನಿತ್ಸಾ ಯಂತ್ರಕ್ಕೆ ಕಲಿಸಿದ್ದಳು. ಯಂತ್ರಕ್ಕೆ ತುಟಿಯೂ ಒಂದೇ, ಬೆರಳೂ ಒಂದೇ. ಪಟ ಪಕ್ಕಕ್ಕೆ ಜಾರಿ, ಅಣೆಕಟ್ಟಿನ ಮುಂದೆ ಕತ್ತರಿ ಹಿಡಿದು ರಿಬ್ಬನ್ನು ಕತ್ತರಿಸುತ್ತಿದ್ದ ಮಂತ್ರಿ ಬಂದು ನಿಂತ. ಅಜ್ಜಿಯ ತುಟಿ ಇನ್ನೂ ಗಾಜಿನ ಮೇಲೇ ಇತ್ತು.

"ಅಯ್ಯಯ್ಯೋ! ಮತ್ತೆ ಬಂದ್ನಲ್ಲೇ ಈ ಹಾಳಾದೋನು!" ಎಂದು ಅಜ್ಜಿ ಹಿಂದಕ್ಕೆ ಹಾರಿ ತಲೆವಸ್ತ್ರದ ತುದಿಯಿಂದ ಬಾಯಿ ಉಜ್ಜಿಕೊಂಡಳು. "ತಾಯಿಗೆ ಮುತ್ತಿಟ್ರೆ ಮಂತ್ರಿ ಬರ್ತಾನೆ! ಇದೆಂಥಾ ಟಿವೀನಮ್ಮಾ?"

ಬಿಸೆರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಜೋರ್ನಿತ್ಸಾಳೂ ಕಂಬದ ಮರೆಯಿಂದ ನಗುತ್ತಲೇ ಹೊರಗೆ ಬಂದಳು. ಗುಟ್ಟು ಬಯಲಾದ ಖುಷಿಗೆ ಚಪ್ಪಾಳೆ ತಟ್ಟುವುದೊಂದು ಬಾಕಿ. ಆಮೇಲೆ ಅಜ್ಜಿಯ ಮುಖ ನೋಡಿದಳು. ಅಜ್ಜಿ ನಗುತ್ತಿರಲಿಲ್ಲ.

"ನಿನ್ನೇನೂ ಹೀಗೇ ಆಯ್ತು ಮಗಳೇ," ಅಂದಳು ಅಜ್ಜಿ. "ಯಾರಿಗೂ ಹೇಳ್ಲಿಲ್ಲ ನಾನು. ಮನೆಗೆ ಹೋಗಿ ಊಟಾನೂ ಸೇರ್ಲಿಲ್ಲ. ನನ್ನ ಕಂಡ್ರೆ ಆಗ್ದೆ ಮುಖ ತಿರುಗಿಸ್ಕೊಂಡ್ಲಾ ಅಂತ. ನಾನೇನು ಅಂಥಾ ಪಾಪ ಮಾಡಿದೀನಿ ಹೇಳು? ಇವತ್ತು ಮತ್ತೆ ಕೇಳೋಣ ಅಂತ ಬಂದೆ."

"ನಿಮಗೊಬ್ರಿಗೇ ಅಲ್ಲಜ್ಜಿ. ನಿನ್ನೆ ಮುತ್ತಿಟ್ಟೋರಿಗೆಲ್ಲಾ ಹಾಗೇ ಆಗಿದೆ."

"ಎಲ್ರಿಗೂನಾ?" ಅಜ್ಜಿಯ ಕಣ್ಣು ಅಗಲವಾಯಿತು. "ದೋನಾಗೂ? ಆ ಸ್ತಾನಾಗೂ? ಮತ್ತೆ ಬಾಯೇ ಬಿಡ್ಲಿಲ್ಲ ಮುಂಡೇವು! ಬಸ್ಸಲ್ಲಿ ಒಟ್ಟಿಗೇ ಹೋದ್ವಿ, ಎಲ್ಲಾ ಕಿಟಕಿ ಕಡೆ ನೋಡ್ಕೊಂಡು ಕೂತಿದ್ರು."

ಹಾಗಾದರೆ ನಿನ್ನೆ ಸಂಜೆಯ ಬಸ್ಸಿನಲ್ಲಿ ಒಂದಿಡೀ ಊರು, ದೇವಮಾತೆ ತನ್ನೊಬ್ಬಳಿಗೆ ಮಾತ್ರ ಮುಖ ತಿರುಗಿಸಿದಳೆಂದು, ಪಕ್ಕದವರಿಗೆ ಹೇಳದೆ, ಕಿಟಕಿಯ ಕಡೆ ನೋಡುತ್ತ ಮನೆಗೆ ಹೋಗಿತ್ತು. ಆ ಪಟ ಈಗ ಎಲ್ಲೂ ಇಲ್ಲ. ಅವತ್ತು ಹೊರಗೆ ತಂದದ್ದನ್ನು ಲಾರಿಯಲ್ಲಿ ಹಾಕಿ ಯಾವುದೋ ಉಗ್ರಾಣಕ್ಕೆ ಒಯ್ದರು, ಆಮೇಲೆ ಯಾರು ಕೇಳಿದರೂ ಸುಳಿವಿಲ್ಲ. ಆಕೆಯ ಮುಖ ಇಷ್ಟು ದೊಡ್ಡದಾಗಿ ಕಂಡು ಇವರು ಮುತ್ತಿಡುವುದಕ್ಕೆ ಉಳಿದಿರುವುದು ಈ ಗಾಜೊಂದೇ, ಅದು ಜೋರ್ನಿತ್ಸಾಳಿಗೆ ಹೊಳೆದಿರಲೇ ಇಲ್ಲ. ತಾನೂ ಇದೇ ನೆಲದವಳು, ಪಟ ಕಂಡರೆ ತುಟಿ ತಾನಾಗಿ ಮುಂದೆ ಹೋಗುವ ಜನರ ನಡುವೆ ಬೆಳೆದವಳು, ಚರ್ಚಿನಲ್ಲಿ ಗಾಜು ಹಾಕಿದ ಪಟಗಳನ್ನು ಗಳಿಗೆಗೊಮ್ಮೆ ಒರೆಸುವ ಹೆಂಗಸನ್ನು ಎಷ್ಟು ಸಲ ನೋಡಿದ್ದಾಳೆ. ಆದರೂ ಇದನ್ನು ಮಾಡುವಾಗ ಬೆರಳೊಂದೇ ತಲೆಯಲ್ಲಿತ್ತು. "ಸ್ವಲ್ಪ ಹೊತ್ತು ಕೂತಿರಿ ಅಜ್ಜಿ, ಸರಿ ಮಾಡ್ತೀನಿ," ಎಂದಳು. ಬಿಸೆರಾ ಅಜ್ಜಿಯನ್ನು ಲಿಂಡನ್ ಹೂವಿನ ಚಹಾಕ್ಕೆಂದು ತನ್ನ ಕೋಣೆಗೆ ಕರೆದುಕೊಂಡು ಹೋದಳು.

ಸರಿ ಮಾಡಬೇಕಾದರೆ ಯಂತ್ರಕ್ಕೆ ಮುತ್ತು ಹೇಗಿರುತ್ತದೆಂದು ಗೊತ್ತಾಗಬೇಕು. ಅದಕ್ಕೆ ಬೇರೆ ಉಪಾಯವಿಲ್ಲ. ಜೋರ್ನಿತ್ಸಾ ಹಜಾರದ ಬಾಗಿಲು ನೋಡಿ ಬಂದು, ಪರದೆಯ ಮುಂದೆ ನಿಂತು, ನಾಚಿಕೆಯಿಂದ ಒಮ್ಮೆ ಗಂಟಲು ಸರಿಮಾಡಿಕೊಂಡು ಗಾಜಿಗೆ ತುಟಿ ಹಚ್ಚಿದಳು. ತಣ್ಣಗಿತ್ತು, ಒರೆಸುವ ಔಷಧಿಯ ಕಹಿ. ಯಂತ್ರದ ಪ್ರಕಾರ ಅದು ಎರಡು ಬೆರಳಿನಗಲ, ಒಂದು ಬೆರಳಿಗಿಂತ ಮೆತ್ತಗೆ. ಇನ್ನೊಮ್ಮೆ, ತುಟಿ ಬಿಗಿಮಾಡಿ. ಇನ್ನೊಮ್ಮೆ, ಸಡಿಲಬಿಟ್ಟು, ಅಜ್ಜಿಯರ ಹಾಗೆ. ಹಣೆ ತಾಗಿಸಿದರೆ ಹೇಗೆ? ಕೆಲವರು ಹಣೆಯನ್ನೂ ತಾಗಿಸುತ್ತಾರೆ. ಅಮ್ಮನ ಅಮ್ಮ ಅವಳನ್ನು ಕಂಕುಳಿಗೆ ಕೈಹಾಕಿ ಎತ್ತಿ ಹಿಡಿಯುತ್ತಿದ್ದಳು, ತುಟಿ ಸಾಲದು ಹಣೆ ಇಡು ಅನ್ನುತ್ತಿದ್ದಳು, ಮೇಣದ ವಾಸನೆ, ಅಜ್ಜಿಯ ಬೆರಳು ಪಕ್ಕೆಗೆ ಒತ್ತುತ್ತಿದ್ದುದು, ಹೊರಗೆ ಬಂದರೆ ಅಂಗಳದ ಗೋಡೆಗೆ ಒರಗಿ ಅಪ್ಪ ಸಿಗರೇಟು ಸೇದುತ್ತ ನಿಂತಿರುತ್ತಿದ್ದ. ಒಳಗೆ ಯಾಕೆ ಬರಲ್ಲಪ್ಪ ಎಂದು ಒಂದು ಸಲವೂ ಅವಳು ಕೇಳಲಿಲ್ಲ. ಅಪ್ಪಂದಿರು ಹೊರಗೇ ನಿಲ್ಲುವುದೆಂದು ತಿಳಿದಿದ್ದಳು, ಕುದುರೆಗಳು ಹೊರಗೆ ನಿಲ್ಲುವ ಹಾಗೆ. ಆಮೇಲೆ ದೊಡ್ಡವಳಾದಾಗ, ಕಮ್ಯುನಿಸ್ಟ್ ಸರಕಾರದ ಆ ಕಾಲದಲ್ಲಿ ಚರ್ಚಿನೊಳಗೆ ಹೋದರೆ ನೌಕರಿಗೆ ಕುತ್ತು ಬರುತ್ತಿತ್ತೆಂದು ಗೊತ್ತಾಯಿತು. ಆದರೆ ಅದೇ ಕಾರಣವೋ? ಟೋಪಿ ತೆಗೆದರೂ ಕುತ್ತು ಬರುತ್ತಿತ್ತೇ? ಅಥವಾ ಅವನಿಗೆ ತೆಗೆಯಬೇಕೆಂದೇ ಅನ್ನಿಸಲಿಲ್ಲವೋ, ಕೈಯಲ್ಲಿ ಕೋಲಿತ್ತೋ, ಊರನ್ನು ಮುಳುಗಿಸುವವನು ಟೋಪಿ ತೆಗೆದು ನಿಂತರೆ ನಾಟಕವಾಗುತ್ತದೆಂದುಕೊಂಡನೋ? ಅವಳು ಕಣ್ಣು ಮುಚ್ಚಿ ಮತ್ತೆ ತುಟಿ ಹಚ್ಚಿದಳು, ಈ ಸಲ ಅಳೆಯುವುದಕ್ಕೆಂದು ಅಲ್ಲ, ಸುಮ್ಮನೆ, ಏನಾಗುತ್ತದೆ ನೋಡೋಣವೆಂದು.

"ಏನಮ್ಮಾ, ಗಂಡ ಸಾಲ್ದೆ ಹೋದ್ನಾ?"

ಬಿಸೆರಾ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಜೋರ್ನಿತ್ಸಾಳ ಮುಖ ಕಿವಿಯವರೆಗೆ ಕೆಂಪಾಯಿತು. "ಅಳತೆ ತಗೋತಿದ್ದೆ," ಅಂದಳು. "ತಗೋ ತಗೋ ಮಾರಾಯ್ತಿ, ಸರಕಾರದ ದುಡ್ಡಲ್ಲಿ ಮುತ್ತು," ಎಂದು ಬಿಸೆರಾ ಲೋಟ ಇಟ್ಟು ಹೋದಳು, ಕೋಣೆಯಿಂದ ಅಜ್ಜಿಯ ಕಿಲಕಿಲ ಕೇಳಿಸಿತು. ಸಾಯುವಷ್ಟು ನಾಚಿಕೆಯಾಯಿತು. ಆದರೆ ಅಳತೆ ಸಿಕ್ಕಿತ್ತು. ಅಗಲವಾಗಿ ಮೆತ್ತಗೆ ಮುಟ್ಟಿದರೆ ಏನೂ ಮಾಡಬೇಡ, ಚಿತ್ರವನ್ನು ಹಾಗೇ ಹಿಡಿದು ನಿಲ್ಲು. ನಾಲ್ಕೇ ಸಾಲು ಬರೆದಳು, ಕೆಲಸ ಮುಗಿಯಿತು.

ಕೆರಾ ಅಜ್ಜಿ ಎರಡನೆಯ ಸಲ ಮುತ್ತಿಟ್ಟಾಗ ದೇವಮಾತೆ ಅಲ್ಲಾಡಲಿಲ್ಲ. ಅಜ್ಜಿ ತುಟಿ ತೆಗೆದು, ಕಣ್ಣು ಕಿರಿದು ಮಾಡಿ ನೋಡಿ, ನಂಬಿಕೆ ಬರದೆ ಮತ್ತೊಮ್ಮೆ ಇಟ್ಟಳು. ತಾಯಿ ಅಲ್ಲೇ ಇದ್ದಳು. "ಅಬ್ಬ, ನಮ್ಮಮ್ಮ," ಎಂದು ಅಜ್ಜಿ ಬಿಟ್ಟ ಉಸಿರಿಗೆ ಗಾಜು ಮಂಜಾಯಿತು. ಜೋರ್ನಿತ್ಸಾಳಿಗೆ ಯಾವತ್ತೂ ಇಷ್ಟು ಸಂತೋಷವಾಗಿರಲಿಲ್ಲ, ಅದನ್ನು ಮುಚ್ಚಿಟ್ಟುಕೊಳ್ಳಲೂ ಅವಳು ಹೋಗಲಿಲ್ಲ, ಬಾಯಿ ತುಂಬ ನಕ್ಕಳು. ಅಜ್ಜಿ ಅವಳ ಕೆನ್ನೆ ಹಿಂಡಿದಳು. ಆಮೇಲೆ ಪರದೆಯ ಕಡೆಗೇ ತಿರುಗಿ, ಚಿತ್ರದ ಬಲ ಅಂಚಿನ ಮೇಲೆ ಉಗುರಿಟ್ಟು ಕೇಳಿದಳು.

"ಸರಿ. ಆ ಟೋಪಿಯವನೆಲ್ಲಿ?"

ಸಂತೋಷ ಇಳಿಯುವುದಕ್ಕೆ ಎಷ್ಟು ಹೊತ್ತು ಬೇಕು. "ಯಾವ ಟೋಪಿಯವನು ಅಜ್ಜಿ?"

"ಅಯ್ಯೋ, ಇಲ್ಲಿದ್ದ, ಇಲ್ಲಿ. ಕೋಲು ಹಿಡ್ಕೊಂಡು. ಈ ಫೋಟೋ ಯಾರ ಮನೇಲಿಲ್ಲ ಹೇಳು? ಅವತ್ತು ತೆಗೆದೋನು ಮನೆಗೊಂದು ಕೊಟ್ಟ. ನಮ್ಮ ಹೊಸ ಕಾಲೋನೀಲಿ ದೀಪದ ಪಕ್ಕ ಎಲ್ರ ಮನೆ ಗೋಡೆ ಮೇಲೂ ಇದೆ. ನಿನ್ನೆ ಬಸ್ ಹತ್ತೋಕೆ ಮುಂಚೆ ಎಲ್ರೂ ಅದನ್ನೇ ಮಾತಾಡ್ಕೊಂಡ್ರು, ಯಾರೋ ಕತ್ತರಿಸ್ಬಿಟ್ಟಿದಾರೆ ಅಂತ."

ಎಲ್ಲರ ಗೋಡೆಯ ಮೇಲೂ. ಜೋರ್ನಿತ್ಸಾ ಆ ಮನೆಗಳಿಗೆ ಹೋಗಿದ್ದಾಳೆ, ಒಳಗೆ ಕೂತು ಕಾಫಿ ಕುಡಿದಿದ್ದಾಳೆ, ಅವರ ಮಾತು ಮುದ್ರಿಸಿಕೊಂಡಿದ್ದಾಳೆ. ಹಿಂದೆ ಗೋಡೆಯಲ್ಲಿ ಅಪ್ಪ ಟೋಪಿ ಹಾಕಿಕೊಂಡು ನಿಂತಿದ್ದನೇ? ತಲೆಯೆತ್ತಿ ನೋಡಿರಲಿಲ್ಲ. ಕೈಯಲ್ಲಿದ್ದ ಯಂತ್ರದ ಸಣ್ಣ ದೀಪವನ್ನೇ ನೋಡುತ್ತ ಕೂತಿದ್ದಳು. "ಅಂಚಿನಲ್ಲಿ ಒಬ್ರೇ ನಿಂತಿದ್ರು ಅಜ್ಜಿ, ಚಿತ್ರ ವಾಲಿದ ಹಾಗೆ ಕಾಣ್ತಿತ್ತು. ಅದಕ್ಕೇ," ಎಂದಳು. ಬಿಸೆರಾಳಿಗೆ ಹೇಳಿದ್ದ ಸುಳ್ಳೇ, ಈಗ ಹೇಳುವಾಗ ಇನ್ನೂ ತೆಳುವಾಗಿತ್ತು. ಬಿಸೆರಾ ಬಾಗಿಲಿಗೆ ಒರಗಿ, "ನೋಡಿದ್ರೆ ಎಲ್ರಿಗೂ ಬೇಜಾರು ಅಂತ ನಾನೂ ಬಿಡು ಅಂದಿದ್ದೆ ಅಜ್ಜಿ," ಎಂದಳು.

"ಬೇಜಾರು ಯಾಕಮ್ಮ? ನನಗೆ ಅವನು ಬೇಕು," ಅಂದಳು ಕೆರಾ ಅಜ್ಜಿ. ದನಿ ಏರಿತು. "ದಿನಾ ಬೆಳಿಗ್ಗೆ ಎದ್ದು ದೀಪ ಹಚ್ತೀನಿ, ತಾಯಿಗೆ ಕೈ ಮುಗೀತೀನಿ, ಆಮೇಲೆ ಅವನ್ನ ಬಯ್ತೀನಿ. ನಮ್ಮಪ್ಪ ಕಟ್ಟಿದ ಗೋಡೆಗೆ ನಂಬರು ಬಳಿದ್ಯಲ್ಲೋ, ನಿನ್ನ ಮನೆ ಹಾಳಾಗ, ಅಂತ. ಆಮೇಲೇ ನಾನು ಕಾಫಿ ಕುಡಿಯೋದು. ಮಂತ್ರೀನ ಬಯ್ಯಕ್ಕಾಗತ್ತಾ? ಅವನ್ನ ನಾನು ನೋಡೇ ಇಲ್ಲ. ಇವನ್ನ ನೋಡಿದೀನಿ. ಇವನು ನಮ್ಮನೆ ಮಜ್ಜಿಗೆ ಕುಡಿದಿದಾನೆ. ಕೈ ಮುಗಿಯಕ್ಕೆ ಒಬ್ಳನ್ನ ಇಟ್ಟಿದೀಯ, ಬಯ್ಯಕ್ಕೆ ಒಬ್ಬನ್ನ ಇಡಬಾರ್ದಾ ಮಗಳೇ? ನಾಳೆ ನನ್ನ ಮೊಮ್ಮಕ್ಕಳು ಬಂದು ನೋಡಿದ್ರೆ ಊರು ತಾನಾಗೇ ನೀರಿಗೆ ಬಿತ್ತು ಅಂದ್ಕೋತವೆ."

ಬಿಸೆರಾ ಜೋರ್ನಿತ್ಸಾಳ ಕಡೆ ನೋಡಿ, ಈ ಕಡೆಯವರ ರೂಢಿಯಂತೆ ಹೌದೆನ್ನುವುದಕ್ಕೆ ತಲೆಯನ್ನು ಅಡ್ಡಡ್ಡ ಆಡಿಸಿದಳು: ಹಾಕಿಬಿಡು. ಜೋರ್ನಿತ್ಸಾ ಕೂತಳು. ಅಂಚನ್ನು ಹಿಡಿದು ಹೊರಕ್ಕೆ ಎಳೆದಳು. ಮೊದಲು ಕೋಲು ಬಂತು, ಆಮೇಲೆ ಕೈ, ಆಮೇಲೆ ಅವನು, ತನ್ನ ಮಗನ ವಯಸ್ಸಿನ ಅಪ್ಪ, ಕಿವಿಗಳು ಟೋಪಿಯಡಿಯಿಂದ ಆಚೆ ಬಂದಿದ್ದವು. ಅವನ ಮುಖವನ್ನು ಅವಳು ಹತ್ತಿರದಿಂದ ನೋಡಿದಳು. ಕ್ಯಾಮೆರಾದ ಕಡೆ ಇಲ್ಲ ಕಣ್ಣು, ಪಟದ ಕಡೆಯೂ ಇಲ್ಲ, ಹೆಂಗಸರ ಕಡೆ ಇದೆ. ಹೆದರಿದ್ದನೋ ಬೇಸತ್ತಿದ್ದನೋ ಗೊತ್ತಾಗುವಷ್ಟು ಸ್ಪಷ್ಟವಿಲ್ಲ. ಚಿತ್ರದಲ್ಲಿ ಯಾರನ್ನು ಮುಟ್ಟಿದರೂ ಅವರ ಹೆಸರು ಬರುವಂತೆ ಮಾಡಿದ್ದಳು, ಇವನಿಗೂ ಒಂದು ಹೆಸರು ಬೇಕು. ಖಾಲಿ ಜಾಗ ಮಿನುಗುತ್ತಿತ್ತು. ಹಿಂದೆ ಬಿಸೆರಾ, ಅಜ್ಜಿ, ಇಬ್ಬರ ಉಸಿರು. ಸ್ತ್ರಾಹಿಲ್ ಎಂದು ಬರೆಯಬೇಕು. ಬರೆದರೆ ನಿನಗೆ ಹೇಗೆ ಗೊತ್ತು ಅನ್ನುತ್ತಾರೆ. ಗೊತ್ತಿದ್ದೂ ಮನೆ ಮನೆಗೆ ಬಂದು ಕೂತು ಹೂಂಗುಟ್ಟಿದೆಯಾ ಅನ್ನುತ್ತಾರೆ. "ಹೆಸರು ಏನಂತ?" ಎಂದು ಬಿಸೆರಾ ಕೇಳಿದಳು. ಜೋರ್ನಿತ್ಸಾಳ ಬೆರಳುಗಳು ಬರೆದವು: ಹೆಸರು ತಿಳಿದಿಲ್ಲ. ಎಷ್ಟು ಚೊಕ್ಕವಾದ ಮಾತು, ಮ್ಯೂಸಿಯಮ್ಮಿಗೆ ಒಪ್ಪುವಂಥದ್ದು. ತನ್ನ ಬಗ್ಗೆ ಅವಳಿಗೆ ಹೇಸಿಗೆಯಾಯಿತು.

ಬಸ್ಸು ಹೊತ್ತಿಗೆ ಸರಿಯಾಗಿ ಬಂದಿರಬೇಕು. ಅಜ್ಜಿ ಇನ್ನೂ ಹೊರಟಿರಲಿಲ್ಲ, ಟೋಪಿಯವನು ತಿರುಗಿ ಬಂದನೆಂದು ದೋನಾಗೆ ಫೋನು ಮಾಡುವ ಸಂಭ್ರಮದಲ್ಲಿದ್ದಳು. ಬಾಗಿಲಲ್ಲಿ ಸ್ತ್ರಾಹಿಲ್ ಕಾಣಿಸಿದ. ಇಸ್ತ್ರಿ ಮಾಡಿದ ಅಂಗಿ, ಬಸ್ಸಿನ ಗಾಳಿಗೆ ಎದ್ದು ನಿಂತ ನಾಲ್ಕು ಬಿಳಿ ಕೂದಲು. ಒಳಗೆ ಬರುತ್ತಲೇ ಹಜಾರದ ಉದ್ದವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದ, ಅದು ಅವನಿಗೆ ಗೊತ್ತಿಲ್ಲದೇ ಆಗುವ ಕೆಲಸ. ಜೋರ್ನಿತ್ಸಾ ಎದ್ದು ಹೋಗಬೇಕು, ಕೈ ಹಿಡಿಯಬೇಕು, ಅಪ್ಪ ಎನ್ನಬೇಕು. ಕುರ್ಚಿಯಿಂದ ಏಳಲಾಗಲಿಲ್ಲ. ಅವನು ಅವಳ ಮುಖ ನೋಡಿದ, ಸುತ್ತ ನೋಡಿದ, ಏನನ್ನೋ ಲೆಕ್ಕ ಹಾಕಿದವನ ಹಾಗೆ, "ನೋಡಬಹುದಾ?" ಎಂದು ಬಿಸೆರಾಳನ್ನು ಕೇಳಿದ, ಯಾರೋ ಅಪರಿಚಿತನ ಹಾಗೆ. "ನೋಡಿ ನೋಡಿ, ಇದಕ್ಕೆಲ್ಲ ಟಿಕೆಟ್ಟಿಲ್ಲ ಇವತ್ತು," ಎಂದಳು ಬಿಸೆರಾ.

ಅವನು ನಕ್ಷೆಯ ಮುಂದೆ ಬಹಳ ಹೊತ್ತು ನಿಂತ. ಗಾಜನ್ನು ಬದಿಯಿಂದ ನೋಡಿದ, ಹಿಂದೆ ಬಗ್ಗಿ ತಂತಿಗಳನ್ನು ನೋಡಿದ, ಬೆರಳನ್ನು ಗಾಜಿಗೆ ತಾಗಿಸದೆ ಎಷ್ಟು ಹತ್ತಿರ ಒಯ್ದರೆ ಅದಕ್ಕೆ ಗೊತ್ತಾಗುತ್ತದೆಂದು ನೋಡಿದ, ಮಕ್ಕಳಿಗಿರುವ ಕುತೂಹಲ. ಕಾಲುವೆಯ ತಿರುವಿಗೆ ಬಂದಾಗ ತುಟಿಯ ಮೂಲೆಯಲ್ಲಿ ನಕ್ಕ. ಆಮೇಲೆ ಚರ್ಚನ್ನು ಮುಟ್ಟಿದ. ಚಿತ್ರ ತೆರೆಯಿತು.

"ಅದನ್ನ ನೋಡಿ, ಅದನ್ನ," ಎಂದು ಕೆರಾ ಅಜ್ಜಿ ಫೋನು ಚೀಲಕ್ಕೆ ಹಾಕಿ ಅವನ ಪಕ್ಕಕ್ಕೆ ಬಂದಳು. ಯಾರಾದರೂ ಸಿಕ್ಕರೆ ತೋರಿಸಬೇಕೆಂಬ ಆಸೆ. "ಅಂಚಲ್ಲಿ ನಿಂತಿದಾನಲ್ಲ, ಕೋಲು ಹಿಡ್ಕೊಂಡು, ಅವನು ನೋಡಿ ನಮ್ಮೂರು ಅಳೆದೋನು. ಈಗ ತಾನೆ ವಾಪಸ್ ಹಾಕಿಸ್ದೆ."

"ಹೌದಾ," ಎಂದ ಸ್ತ್ರಾಹಿಲ್.

"ದೇವಮಾತೆ ಎದುರಿಗೆ ಬಂದಿದಾಳೆ, ಟೋಪಿ ತೆಗೀಬಾರ್ದೇನ್ರಿ? ನಮ್ಮೂರಿನ ಕುಡುಕನೂ ತೆಗೆದಿದಾನೆ. ನೀವೇ ಹೇಳಿ, ಇಂಥೋನ್ನ ಏನನ್ನಬೇಕು?"

ಸ್ತ್ರಾಹಿಲ್ ಹುಡುಗನ ಮುಖವನ್ನು ನೋಡುತ್ತ ನಿಂತ. "ಕತ್ತೆ ಅನ್ನಬೇಕು," ಎಂದ ನಿಧಾನವಾಗಿ.

"ಹಾಂ! ಕತ್ತೆ!" ಅಜ್ಜಿಗೆ ಬಹಳ ಸಮಾಧಾನವಾಯಿತು. "ತೆಗೆದಿದ್ರೆ ಅವನಪ್ಪನ ಗಂಟೇನು ಹೋಗ್ತಿತ್ತು?"

"ಏನೂ ಹೋಗ್ತಿರ್ಲಿಲ್ಲ," ಎಂದ. ಅವನ ಬೆರಳು ಮೇಲೆದ್ದು, ಗಾಳಿಯಲ್ಲಿ ಒಂದಿಷ್ಟು ತಡೆದು, ಆ ತೆಳ್ಳನೆಯ ಹುಡುಗನ ಎದೆಯ ಮೇಲೆ ಇಳಿಯಿತು. ಯಂತ್ರ ತನಗೆ ಕಲಿಸಿದ್ದನ್ನು ಮಾಡಿತು. ಅವನ ಮುಖ ದೊಡ್ಡದಾಗಿ ಪರದೆಯ ನಡುವಿಗೆ ಬಂತು, ಕೆಳಗೆ ಬಿಳಿ ಅಕ್ಷರಗಳಲ್ಲಿ: ಹೆಸರು ತಿಳಿದಿಲ್ಲ.

ಸ್ತ್ರಾಹಿಲ್ ಅದನ್ನು ಓದಿದ. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದ. ತಿರುಗಿ ಮಗಳ ಕಡೆ ನೋಡಲಿಲ್ಲ. ನೋಡಿದ್ದರೆ, ಬೈದಿದ್ದರೆ ಜೋರ್ನಿತ್ಸಾ ತಾಳಿಕೊಳ್ಳುತ್ತಿದ್ದಳು. ಅವನ ಕತ್ತಿನ ಹಿಂಭಾಗ ಮಾತ್ರ ಅವಳಿಗೆ ಕಾಣುತ್ತಿತ್ತು, ಕ್ಷೌರದವನು ಒಂದು ಕಡೆ ಬಿಟ್ಟುಬಿಟ್ಟ ಕೂದಲು, ಕತ್ತಿಗೆ ದೊಡ್ಡದಾಗಿಹೋದ ಅಂಗಿಯ ಕಾಲರು. ದಿನಾ ಊಟದ ಹೊತ್ತಿಗೆ ಕೇಳುತ್ತಿದ್ದ. ಇದೀಯಪ್ಪ ಅನ್ನುತ್ತಿದ್ದಳು. ಈಗ ಅವನು ಇದ್ದ, ಎಲ್ಲರ ಕಣ್ಣೆದುರಿಗೆ, ತಲೆಯ ಮೇಲೆ ಟೋಪಿ ಸಮೇತ ಇದ್ದ, ಮಗಳಿಗೆ ಮಾತ್ರ ಅವನ ಪರಿಚಯವಿರಲಿಲ್ಲ.

"ಯಾರಿಗ್ ಗೊತ್ತು ಅವನ ಹೆಸರು," ಎಂದಳು ಅಜ್ಜಿ. "ಸತ್ತಿರ್ತಾನೆ ಬಿಡಿ ಇಷ್ಟೊತ್ತಿಗೆ."

"ಸ್ತ್ರಾಹಿಲ್," ಎಂದಳು ಜೋರ್ನಿತ್ಸಾ.

ದನಿ ಕೀರಲಾಗಿ ಬಂತು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಹತ್ತಿರ ಬಂದು, ಈ ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಅವರ ಹೆಸರು ಸ್ತ್ರಾಹಿಲ್. ಚಿತ್ರದಿಂದ ಕತ್ತರಿಸಿದ್ದು ನಾನು. ಸತ್ತಿಲ್ಲ ಅಜ್ಜಿ, ನಿಮ್ಮ ಪಕ್ಕದಲ್ಲೇ ನಿಂತಿದಾರೆ. ಇವರು ನಮ್ಮಪ್ಪ."

ಬಿಸೆರಾಳ ಕೈ ಬಾಯಿಗೆ ಹೋಯಿತು. ಕೆರಾ ಅಜ್ಜಿ ಪರದೆ ನೋಡಿದಳು, ಮುದುಕನನ್ನು ನೋಡಿದಳು, ಮತ್ತೆ ಪರದೆ ನೋಡಿದಳು. ಕಿವಿಗಳನ್ನು ಹೋಲಿಸುತ್ತಿದ್ದಳೆಂದು ಜೋರ್ನಿತ್ಸಾಳಿಗೆ ಗೊತ್ತಾಯಿತು. ಸ್ತ್ರಾಹಿಲ್ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು, ಎಲ್ಲಿಗೂ ಹೋಗದೆ ನಿಂತಿದ್ದ. ಹೊಡೆಯುತ್ತಾಳೇನೋ ಅನ್ನಿಸಿತು. ಉಗಿಯುತ್ತಾಳೇನೋ ಅನ್ನಿಸಿತು. ಅಜ್ಜಿ ಕೈಚೀಲವನ್ನು ನೆಲಕ್ಕೆ ಇಟ್ಟು, ಗೋಡೆಯ ಬದಿಯಲ್ಲಿದ್ದ ಎರಡು ಕುರ್ಚಿಗಳನ್ನು ಒಂದೊಂದಾಗಿ ಎಳೆದು ತಂದು ಎದುರೆದುರು ಇಟ್ಟಳು. ಒಂದರಲ್ಲಿ ತಾನು ಕೂತು, ತಲೆವಸ್ತ್ರವನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು.

"ಕೂತ್ಕೊ," ಎಂದಳು. "ಇಷ್ಟು ವರ್ಷ ಫೋಟೋಗೆ ಹೇಳಿದೀನಿ. ಈಗ ಮೊದಲಿಂದ ಹೇಳ್ಬೇಕು."

ಸ್ತ್ರಾಹಿಲ್ ಕೂತ. ಬಿಸೆರಾ ಬೀದಿ ಬಾಗಿಲಿಗೆ ಅಗಳಿ ಹಾಕಲು ಹೋದಳು. ಜೋರ್ನಿತ್ಸಾ ಇಬ್ಬರ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಂದು ಗಳಿಗೆ ನಿಂತಳು, ಆಮೇಲೆ ಅಪ್ಪನ ಕುರ್ಚಿಯ ಪಕ್ಕಕ್ಕೆ ನೆಲದ ಮೇಲೆ ಕೂತಳು. ಟೋಪಿ ಯಾಕೆ ತೆಗೆಯಲಿಲ್ಲವೆಂದು ಅಜ್ಜಿ ಕೇಳಿದರೆ ಅವನು ಏನು ಉತ್ತರ ಕೊಡುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ.